ದುಪ್ಪಟ್ಟು ಸಂಬಳಕ್ಕಾಗಿ ಬದಿಯಡ್ಕ ಬಿಟ್ಟು ಬೆಂಗಳೂರಿಗೆ ಹೋಗಲೇ?

ಪ್ರಶ್ನೆ: ನನಗೆ 36 ವರ್ಷ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಮನೆ, ಒಂದೂವರೆ ಎಕರೆ ಅಡಿಕೆ ತೋಟ. ದಿನಾ ಕುಂಬಳೆಯಲ್ಲಿ ರೈಲು ಹತ್ತಿ ಮಂಗಳೂರಿನ ಖಾಸಗಿ ಕಂಪನಿಯೊಂದರ ಅಕೌಂಟ್ಸ್ ವಿಭಾಗಕ್ಕೆ ಹೋಗಿ ಬರುತ್ತೇನೆ. ಸೇರಿ 4 ವರ್ಷ 3 ತಿಂಗಳು. ಮೂಲ ವೇತನ 24,000, ಕೈಗೆ ಬರುವುದು 46,000. ಹೆಂಡತಿ ಸರ್ಕಾರಿ ಕನ್ನಡ ಶಾಲೆಯ ಟೀಚರ್, ಅವಳಿಗೆ 45,000. ಮಗಳು ಅದೇ ಶಾಲೆಯಲ್ಲಿ ಮೂರನೇ ಕ್ಲಾಸ್. ತಂದೆಗೆ 71 ವರ್ಷ, ಮೊಣಕಾಲು ನೋವು. ಮನೆ ಸಾಲ 9 ಲಕ್ಷ ಬಾಕಿ ಇದೆ, ತಿಂಗಳಿಗೆ 11,000 ಕಂತು. ಶನಿವಾರ ರಾತ್ರಿ ತಾಳಮದ್ದಳೆ ಇದ್ದರೆ ಮದ್ದಳೆ ಬಾರಿಸುತ್ತೇನೆ. ಒಟ್ಟಿನಲ್ಲಿ ನೆಮ್ಮದಿಯಾಗಿದ್ದೇವೆ. ಈಗ ಬೆಂಗಳೂರಿನ ಕಂಪನಿಯೊಂದು ವರ್ಷಕ್ಕೆ 15 ಲಕ್ಷ ಕೊಡುತ್ತೇನೆ ಅಂದಿದೆ. ಭಾವ ‘ಇಂಥ ಅವಕಾಶ ಬಿಡ್ತಾರಾ’ ಅಂತಾನೆ. ಹೆಂಡತಿ ‘ನಿಮ್ಮಿಷ್ಟ’ ಅಂತಾಳೆ. ಈಗಿನ ಕೆಲಸದಲ್ಲಿ ಹೊಸದೇನೂ ಕಲಿಯುತ್ತಿಲ್ಲ ಅನ್ನುವುದೂ ನಿಜ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. 15 ಲಕ್ಷ ಅಂತ ಬರೆದಿದ್ದೀರಿ, ಆ ಹಣ ಯಾತಕ್ಕೆ ಬೇಕು ಅಂತ ಎಲ್ಲೂ ಬರೆದಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಆ 15 ಲಕ್ಷವನ್ನು ಬಿಡಿಸಿ ನೋಡೋಣ. ನೀವು ಅಕೌಂಟ್ಸ್‌ನವರು ನಿಜ. ಆದರೂ ಬೇರೆಯವರ ಲೆಕ್ಕ ನೋಡಿದಷ್ಟು ಗಟ್ಟಿಯಾಗಿ ನಮ್ಮ ಲೆಕ್ಕ ನಾವು ನೋಡಿಕೊಳ್ಳುವುದಿಲ್ಲ, ಅಲ್ವಾ?

ನೀವು ಕಳಿಸಿದ ಆಫರ್ ಪತ್ರದ ಪ್ರಕಾರ 15 ಲಕ್ಷದಲ್ಲಿ 1.5 ಲಕ್ಷ ವೇರಿಯೇಬಲ್ ಪೇ, ಅಂದರೆ ಬಂದರೂ ಬರಬಹುದು, ಬರದೆಯೂ ಇರಬಹುದಾದ ಭಾಗ. ಮೂಲ ವೇತನ 6.75 ಲಕ್ಷ. ಕಂಪನಿ ಕಟ್ಟುವ ಪಿಎಫ್ 81,000, ಗ್ರಾಚ್ಯುಟಿ (ಕೆಲಸ ಬಿಡುವಾಗ ಸಿಗುವ ಇಡುಗಂಟು) ಲೆಕ್ಕದಲ್ಲಿ ಸುಮಾರು 32,000 ಕೂಡ ಅದರೊಳಗೇ ಇದೆ. ಇವೆಲ್ಲ ಕಳೆದು, ನಿಮ್ಮ ಪಾಲಿನ ಪಿಎಫ್ ಮತ್ತು ವೃತ್ತಿ ತೆರಿಗೆಯನ್ನೂ ಕಳೆದರೆ ತಿಂಗಳಿಗೆ ಕೈಗೆ ಬರುವುದು ಸುಮಾರು 96,000.

ವೇರಿಯೇಬಲ್ ಪೇಯಲ್ಲಿ ಒಂದು ಸೂಕ್ಷ್ಮ ಇದೆ. 2025-26ರ ಹೊಸ ತೆರಿಗೆ ಪದ್ಧತಿಯಲ್ಲಿ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದ ಮೇಲೆ ಆದಾಯ 12 ಲಕ್ಷದೊಳಗಿದ್ದರೆ ತೆರಿಗೆ ಇಲ್ಲ. ವೇರಿಯೇಬಲ್ ಬರದಿದ್ದರೆ ನೀವು ಆ ಮಿತಿಯೊಳಗೇ ಇರುತ್ತೀರಿ. ಪೂರ್ತಿ ಬಂದರೆ ಮಿತಿ ದಾಟುತ್ತೀರಿ, ಸೆಸ್ ಸೇರಿ ಸುಮಾರು 80,000 ತೆರಿಗೆ ಬೀಳುತ್ತದೆ. ಅಂದರೆ ಆ ಒಂದೂವರೆ ಲಕ್ಷದಲ್ಲಿ ನಿಮಗೆ ಉಳಿಯುವುದು 70,000 ಮಾತ್ರ.

ಈಗ ಮನೆಯ ಲೆಕ್ಕ. ಎಲ್ಲರೂ ಬೆಂಗಳೂರಿಗೆ ಹೋಗುವುದಾದರೆ ಹೆಂಡತಿ ಕೆಲಸ ಬಿಡಬೇಕು, ಇಲ್ಲವೇ ಸಂಬಳವಿಲ್ಲದ ರಜೆ ಹಾಕಬೇಕು. ಕೇರಳ ಸರ್ಕಾರದ ಕೆಲಸ ತಲಪಾಡಿಯ ಗಡಿ ದಾಟಿ ಕರ್ನಾಟಕಕ್ಕೆ ವರ್ಗವಾಗುವುದಿಲ್ಲ. ಈಗ ಇಬ್ಬರದೂ ಸೇರಿ 91,000 ಬರುತ್ತಿದೆ. ಅಲ್ಲಿ ನಿಮ್ಮೊಬ್ಬರ 96,000. ಬಾಡಿಗೆ, ಅಡ್ವಾನ್ಸ್, ಮಗಳ ಶಾಲೆಯ ಫೀಸು ಎಲ್ಲ ಅದರಲ್ಲೇ ಆಗಬೇಕು. ಈ ದಾರಿಯನ್ನು ಇಲ್ಲಿಗೇ ಬಿಡೋಣ.

ಉಳಿದದ್ದು ನೀವೊಬ್ಬರೇ ಹೋಗುವುದು. ಕೈಗೆ 50,000 ಜಾಸ್ತಿ ಬರುತ್ತದೆ. ಅದರಲ್ಲಿ ಅಲ್ಲಿನ ರೂಮು, ಊಟ, ಓಡಾಟಕ್ಕೆ 22,000 ಇಟ್ಟುಕೊಳ್ಳಿ. ತಿಂಗಳಿಗೆ ಎರಡು ಸಲ ಊರಿಗೆ ಬಂದು ಹೋಗಲು 6,000. ತೋಟದಲ್ಲಿ ನೀವು ಮಾಡುವ ಕೆಲಸಕ್ಕೆ ಆಳು ಇಟ್ಟರೆ ವರ್ಷದ ಸರಾಸರಿಯಲ್ಲಿ ತಿಂಗಳಿಗೆ 7,000. ಉಳಿಯುವುದು 15,000. ಪಿಎಫ್ ನಿಮ್ಮ ಪಾಲು, ಕಂಪನಿ ಪಾಲು ಸೇರಿ ಈಗಿನದಕ್ಕಿಂತ ಸುಮಾರು 8,000–10,000 ಜಾಸ್ತಿ ಜಮೆಯಾಗುತ್ತದೆ, ಅದನ್ನೂ ಸೇರಿಸಿ 23,000–25,000 ಅನ್ನಿ. ಇದು ಸಣ್ಣ ಮೊತ್ತ ಅಂತ ನಾನು ಹೇಳುವುದಿಲ್ಲ. ಆದರೆ ಭಾವನ ಬಾಯಲ್ಲಿರುವ 15 ಲಕ್ಷವೇ ಬೇರೆ, ಇದೇ ಬೇರೆ.

ಈಗ ಹಣ ಯಾತಕ್ಕೆ ಅನ್ನುವ ಮಾತು. ಆ 15,000ವನ್ನು ಪ್ರತಿ ತಿಂಗಳೂ ಈಗಿನ ಕಂತಿನ ಜೊತೆಗೆ ಮನೆ ಸಾಲಕ್ಕೆ ಹಾಕುತ್ತೀರಿ ಅಂತಿಟ್ಟುಕೊಳ್ಳಿ. ಬಡ್ಡಿ 8.5 ಶೇಕಡಾ ಇದ್ದರೆ, ಈಗಿನ ಕಂತಿನಲ್ಲಿ 10 ವರ್ಷ ಎಳೆಯುವ ಸಾಲ 3 ವರ್ಷ 4 ತಿಂಗಳಲ್ಲಿ ತೀರುತ್ತದೆ. ಇದಕ್ಕಾಗಿ ಹೋಗುತ್ತೇನೆ ಅಂದರೆ ನನಗೆ ಅರ್ಥವಾಗುತ್ತದೆ. ಅದಕ್ಕೊಂದು ಕೊನೆಯ ದಿನ ಇದೆ. ಹೆಂಡತಿಗೆ, ಮಗಳಿಗೆ ‘ಇಂಥ ತಿಂಗಳು ವಾಪಸ್ ಬರುತ್ತೇನೆ’ ಅಂತ ಹೇಳಬಹುದು. ಆದರೆ ಬೇರೆಯವರಿಗೆ ಫ್ಲಾಟ್ ಇದೆ, ನನಗಿಲ್ಲ ಅಂತ ಹೋದರೆ ಅದಕ್ಕೆ ಕೊನೆ ಇಲ್ಲ. ಹಾಗೆ ಹೋದವರನ್ನು ನಾನು ಬಹಳ ಹತ್ತಿರದಿಂದ ನೋಡಿದ್ದೇನೆ. ಎರಡು ವರ್ಷ ಅಂದವರು ಹನ್ನೆರಡು ವರ್ಷವಾದರೂ ಅಲ್ಲೇ ಇದ್ದಾರೆ. ತೋಟದಲ್ಲಿ ಹಳದಿ ಎಲೆ ರೋಗ ಬಂದದ್ದನ್ನು ಫೋಟೋದಲ್ಲಿ ನೋಡಿದವರೂ ಇದ್ದಾರೆ.

ಹಾಗಂತ ಇಲ್ಲೇ ಇದ್ದರೆ ಈಗಿನ ನೆಮ್ಮದಿ ಹಾಗೇ ಇರುತ್ತದೆ ಅಂತಲ್ಲ. ಮೂರು ವರ್ಷದಲ್ಲಿ ನಿಮ್ಮ ತಂದೆಗೆ 74. ಮಗಳು ಆರನೇ ಕ್ಲಾಸು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡಲು ಮರ ಹತ್ತುವವರು ಈಗಲೇ ಸಿಗುವುದಿಲ್ಲ. ಮಳೆ ಶುರುವಾಗುವ ಮುಂಚೆ ಒಂದು ಸಲ, 40–45 ದಿನ ಬಿಟ್ಟು ಇನ್ನೊಂದು ಸಲ ಬಿಡಲೇಬೇಕು. ನಡುವೆ ಮಳೆ ಬಿಡುವು ಕೊಟ್ಟ ದಿನ ಯಾವುದು ಅಂತ ಬೆಂಗಳೂರಿನ ರೂಮಿನಲ್ಲಿ ಕೂತು ಗೊತ್ತಾಗುವುದಿಲ್ಲ. ನಿಮ್ಮ ಪತ್ರದಲ್ಲಿ ಈ ತೋಟವನ್ನು ಒಂದೇ ಮಾತಿನಲ್ಲಿ ಮುಗಿಸಿದ್ದೀರಿ. ನಿಮ್ಮ ವಾರದಲ್ಲಿ ಅದು ಅಷ್ಟು ಸಣ್ಣದಲ್ಲ ಅಂತ ನನಗನ್ನಿಸುತ್ತದೆ.

2020ರ ಮಾರ್ಚ್ ನಿಮಗೂ ನೆನಪಿರಬಹುದು. ತಲಪಾಡಿಯಲ್ಲಿ ಗಡಿ ಮುಚ್ಚಿದರು. ಆಸ್ಪತ್ರೆಗೆ ಮಂಗಳೂರನ್ನೇ ನಂಬಿದ್ದ ನಮ್ಮ ಕಡೆಯವರು ಎಷ್ಟು ಒದ್ದಾಡಿದರು! ಅದು ಮತ್ತೆ ಬರುತ್ತದೆ ಅಂತ ಹೆದರಿಸುತ್ತಿಲ್ಲ. ಮನೆಯಲ್ಲಿ ವಯಸ್ಸಾದವರಿರುವಾಗ ದೂರ ಅನ್ನುವುದು ಕಿಲೋಮೀಟರ್ ಲೆಕ್ಕ ಮಾತ್ರ ಅಲ್ಲ ಅಂತ ಅವತ್ತು ನನಗೆ ಗೊತ್ತಾಯಿತು.

‘ನಿಮ್ಮಿಷ್ಟ’ ಅನ್ನುವುದು ಉತ್ತರ ಅಲ್ಲ. ಜುಲೈ ತಿಂಗಳ ಮಳೆಯಲ್ಲಿ ಶಾಲೆ, ಮಗು, ಮಾವ, ತೋಟ ಎಲ್ಲವನ್ನೂ ಒಬ್ಬಳೇ ನೋಡಬೇಕಾದವಳು ಅವಳು. ಹೋಗಲಾ ಬೇಡವಾ ಅಂತ ಕೇಳಬೇಡಿ. ಅಪ್ಪನನ್ನು ಮಂಗಳೂರಿಗೆ ಯಾರು ಕರೆದುಕೊಂಡು ಹೋಗುವುದು, ರಾತ್ರಿ ಕರೆಂಟ್ ಹೋಗಿ ಪಂಪು ನಿಂತರೆ ಯಾರನ್ನು ಕರೆಯುವುದು ಅಂತ ಕೇಳಿ. ಆಗ ಅವಳ ಮನಸ್ಸಿನಲ್ಲಿರುವುದು ಹೊರಗೆ ಬರುತ್ತದೆ. ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಒಂದೊಂದು ಮಗುವಿನ ಹಾಜರಿಗೂ ಬೆಲೆ ಇದೆ, ಅದು ನನಗೆ ತುಂಬಾ ಮುಖ್ಯ. ಆದರೂ ಆ ಹೊರೆಯನ್ನು ನಿಮ್ಮ ತೀರ್ಮಾನದ ಮೇಲೆ ಹೇರಲಾರೆ.

ನನಗೆ ನಿಜವಾಗಿ ಚಿಂತೆಯಾದದ್ದು ‘ಹೊಸದೇನೂ ಕಲಿಯುತ್ತಿಲ್ಲ’ ಅನ್ನುವ ಮಾತು. 36ಕ್ಕೆ ಕಲಿಕೆ ನಿಂತರೆ 46ಕ್ಕೆ ಬೇರೆ ಕೆಲಸ ಸಿಗುವುದು ಕಷ್ಟ. ಇದಕ್ಕೆ ಬೆಂಗಳೂರೇ ಮದ್ದು ಅಂತೇನಿಲ್ಲ. ಈ ಆಫರ್ ಬಂದಿದೆ ಅಂದರೆ ಹೊರಗೆ ನಿಮಗೆ ಬೆಲೆ ಇದೆ ಅಂತಾಯಿತು. ಮಂಗಳೂರಿನಲ್ಲೇ ಇನ್ನೂ ನಾಲ್ಕು ಕಡೆ ಅರ್ಜಿ ಹಾಕಿ. 70,000ದ ಕೆಲಸ ಅಲ್ಲಿ ಸಿಕ್ಕಿದರೆ ಬೆಂಗಳೂರಿನ 96,000ಕ್ಕಿಂತ ಕೈಯಲ್ಲಿ ಜಾಸ್ತಿ ಉಳಿಯುತ್ತದೆ. ರಾತ್ರಿ ಊಟಕ್ಕೆ ಮನೆಯಲ್ಲೂ ಇರುತ್ತೀರಿ.

ನಾನು ನಿಮ್ಮ ಜಾಗದಲ್ಲಿದ್ದರೆ ಈ ಆಫರ್ ಅನ್ನು ಹೀಗೇ ಒಪ್ಪುತ್ತಿರಲಿಲ್ಲ. ತಿಂಗಳಲ್ಲಿ ಎರಡು ವಾರ ಮನೆಯಿಂದ ಕೆಲಸ ಮಾಡಲು ಬಿಡುತ್ತಾರಾ ಅಂತ ಕೇಳಿ. ಬಿಟ್ಟರೆ, ಸಾಲ ತೀರುವವರೆಗೆ ಅಂತ ಹೋಗಿ. ಆದರೆ ಆ ಮಾತು ಆಫರ್ ಪತ್ರದಲ್ಲೇ ಬರಬೇಕು. ಹಿಂದೆ ನಾನು ಒಂದು ಕಡೆ ಸೇರಿದಾಗ ಮನೆಯಿಂದ ಕೆಲಸ ಮಾಡಬಹುದು ಅಂತ ಬಾಯಿಮಾತಿನಲ್ಲಿ ಒಪ್ಪಿದ್ದರು. ಮೂರೇ ತಿಂಗಳಲ್ಲಿ ಮ್ಯಾನೇಜರ್ ಬದಲಾದರು, ಮಾತೂ ಬದಲಾಯಿತು. ಆ ವರ್ಷ ತಾಯಿಯ ಜೊತೆ ಇರಬೇಕಾದ ದಿನಗಳಲ್ಲಿ ನಾನು ಇರಲಿಲ್ಲ. ಅದು ಇವತ್ತಿಗೂ ನೋವು ಕೊಡುತ್ತದೆ.

ಇನ್ನೊಂದು ವಿಷಯ. ಈಗಿನ ಕಂಪನಿಯಲ್ಲಿ ಇನ್ನು 9 ತಿಂಗಳಿದ್ದರೆ 5 ವರ್ಷ ತುಂಬಿ ಗ್ರಾಚ್ಯುಟಿ ಸಿಗುತ್ತದೆ. ನಿಮ್ಮ ಮೂಲ ವೇತನಕ್ಕೆ ಅದು ಸುಮಾರು 69,000. ಮೊದಲೇ ಬಿಡುವುದಾದರೆ ಅಷ್ಟನ್ನು ಜಾಯಿನಿಂಗ್ ಬೋನಸ್ ಆಗಿ ಹೊಸ ಕಂಪನಿಯ ಹತ್ತಿರ ಕೇಳಿ. ಪಿಎಫ್ ತೆಗೆಯಬೇಡಿ, ವರ್ಗಾಯಿಸಿ. 5 ವರ್ಷಕ್ಕೆ ಮೊದಲು ತೆಗೆದರೆ ತೆರಿಗೆ ಬೀಳುತ್ತದೆ.

ಅವರು ಉತ್ತರಕ್ಕೆ ಎಷ್ಟು ದಿನ ಕೊಟ್ಟಿದ್ದಾರೆ ಅಂತ ನೀವು ಬರೆದಿಲ್ಲ. ಹತ್ತು ದಿನವಾದರೂ ಕೇಳಿಕೊಳ್ಳಿ. ಈ ಶನಿವಾರ ತಾಳಮದ್ದಳೆ ಇದ್ದರೆ ಹೋಗಿ ಬನ್ನಿ. ಭಾನುವಾರ ಇಬ್ಬರೂ ಕೂತು, ಮೇಲಿನ ಲೆಕ್ಕದಲ್ಲಿ ನನ್ನ ಅಂದಾಜಿನ ಜಾಗದಲ್ಲಿ ನಿಮ್ಮ ಅಂಕಿಗಳನ್ನು ಹಾಕಿ ನೋಡಿ. ಪೆನ್ನು ಹೆಂಡತಿಯ ಕೈಯಲ್ಲಿರಲಿ.