ರಿಪೋರ್ಟೆಲ್ಲ ನಾರ್ಮಲ್, ಜ್ವರ ಮಾತ್ರ ಬಿಡ್ತಿಲ್ಲ

ಪ್ರಶ್ನೆ: ಡಾಕ್ಟರೇ, ನಮ್ಮದು ಚಿಂತಾಮಣಿ ತಾಲ್ಲೂಕಿನ ಒಂದು ಹಳ್ಳಿ. ಅಪ್ಪನಿಗೆ 56 ವರ್ಷ. ಎರಡು ಸೀಮೆಹಸು, ಒಂದಷ್ಟು ಕುರಿ ಸಾಕಿದ್ದಾರೆ. ಒಂದು ತಿಂಗಳಿಂದ ಜ್ವರ. ಸಂಜೆ ಏರುತ್ತೆ, ರಾತ್ರಿ ಬನಿಯನ್ ಹಿಂಡುವಷ್ಟು ಬೆವರು. ಸೊಂಟ ನೋವು ಅಂತಾರೆ, ಸೊರಗಿದ್ದಾರೆ. ಊರಲ್ಲಿ ಎರಡು ಕಡೆ ಇಂಜೆಕ್ಷನ್ ಹಾಕಿಸಿದ್ದಾಯಿತು. ಕೋಲಾರದಲ್ಲಿ ಅಡ್ಮಿಟ್ ಮಾಡಿ ಒಂದು ವಾರ ಆಯಿತು. ಡೆಂಗಿ, ಮಲೇರಿಯಾ, ಎಕ್ಸ್‌ರೇ, ಹೊಟ್ಟೆ ಸ್ಕ್ಯಾನಿಂಗ್ ಎಲ್ಲ ನಾರ್ಮಲ್. ಡಾಕ್ಟರು ಮಾತ್ರ ದಿನಾ ಬಂದು ಅದದೇ ಪ್ರಶ್ನೆ ಕೇಳ್ತಾರೆ. ಬೆಂಗಳೂರಿಗೆ ಕರೆದುಕೊಂಡು ಹೋಗಿ ದೊಡ್ಡ ಸ್ಕ್ಯಾನ್ ಮಾಡಿಸೋದು ಒಳ್ಳೆಯದಲ್ವಾ?

ಉತ್ತರ: ದಿನಾ ಬಂದು ಅದದೇ ಕೇಳುತ್ತಿದ್ದಾರೆ ಅಂದರೆ ಸದ್ಯಕ್ಕೆ ಅಲ್ಲೇ ಇರಿ. ಇಂಥ ಜ್ವರದಲ್ಲಿ ಸ್ಕ್ಯಾನ್‌ಗಿಂತ ಮೊದಲು ದಾರಿ ತೋರಿಸುವುದು ಆ ಪ್ರಶ್ನೆಗಳೇ. ಮೊದಲ ದಿನ ನೆನಪಾಗದ್ದು ಐದನೇ ದಿನ ನೆನಪಾಗುತ್ತೆ.

101 ಡಿಗ್ರಿ ದಾಟುವ ಜ್ವರ ಮೂರು ವಾರಕ್ಕಿಂತ ಜಾಸ್ತಿ ಇದ್ದು, ಆಸ್ಪತ್ರೆಯಲ್ಲಿ ಒಂದು ವಾರ ಹುಡುಕಿದರೂ ಕಾರಣ ಸಿಗದಿದ್ದರೆ ಅದನ್ನು ಬೇರೆ ಗುಂಪಾಗಿಯೇ ನೋಡಬೇಕು ಅಂತ 1961ರಲ್ಲಿ ಪೀಟರ್ಸ್‌ಡಾರ್ಫ್ ಮತ್ತು ಬೀಸನ್ ಎಂಬ ಇಬ್ಬರು ವೈದ್ಯರು ಹೇಳಿದರು. ನಿಮ್ಮ ತಂದೆಯವರ ಜ್ವರ ಈ ಗುಂಪಿಗೆ ಸೇರುತ್ತೆ. ಇದರ ಹಿಂದೆ ಸೋಂಕು ಇರಬಹುದು, ಲಿಂಫೋಮಾದಂಥ ಕ್ಯಾನ್ಸರ್ ಇರಬಹುದು, ದೇಹ ತನ್ನ ಮೇಲೆ ತಾನೇ ತಿರುಗಿಬೀಳುವ ವಾತದ ಕಾಯಿಲೆಗಳೂ ಇರಬಹುದು. ನಮ್ಮ ಕಡೆ ಮೊದಲ ಅನುಮಾನ ಟಿಬಿ ಮೇಲೆ. ಎಕ್ಸ್‌ರೇ ನಾರ್ಮಲ್ ಅಂದಾಕ್ಷಣ ಟಿಬಿ ಇಲ್ಲ ಅಂತಲ್ಲ. ಬೆನ್ನುಮೂಳೆ, ಲಿವರ್, ಮೂಳೆಯ ಮಜ್ಜೆ, ಹೊಟ್ಟೆಯೊಳಗಿನ ಗಂಟು, ಎಲ್ಲಿ ಬೇಕಾದರೂ ಕೂತಿರಬಹುದು.

ಆದರೆ ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಹಸು ಕುರಿ ಅನ್ನುವ ಕಡೆ. ಇತ್ತೀಚೆಗೆ ಯಾವುದಾದರೂ ಹಸು ಅಥವಾ ಕುರಿ ಕಂದು ಹಾಕಿತ್ತಾ, ಅಂದರೆ ಅದರ ಗರ್ಭ ಹೋಗಿತ್ತಾ? ಅದರ ಮಾಸು ತೆಗೆದವರು, ಸತ್ತ ಮರಿಯನ್ನು ಎತ್ತಿ ಹಾಕಿದವರು ಯಾರು? ಬರಿಗೈಯಲ್ಲಾ? ನೊರೆ ಹಾಲು ಮೈಗೆ ಒಳ್ಳೆಯದು ಅಂತ ಕರೆದ ಹಾಲನ್ನು ಕಾಯಿಸದೆ ಹಾಗೇ ಕುಡಿಯುವ ಅಭ್ಯಾಸ ಇದೆಯಾ? ಇದರಲ್ಲಿ ಯಾವುದಕ್ಕಾದರೂ ಹೌದು ಅಂದರೆ ಬ್ರೂಸೆಲ್ಲಾ ಸೋಂಕನ್ನು ಹುಡುಕಲೇಬೇಕು. ದನಗಳಲ್ಲಿ ಕಂದು ರೋಗ ಅಂತೀವಲ್ಲ, ಅದೇ. ಮನುಷ್ಯರಿಗೆ ಬಂದರೆ ವಾರಗಟ್ಟಲೆ ಜ್ವರ, ರಾತ್ರಿ ಬೆವರು, ಸೊಂಟ ಮತ್ತು ಕೀಲು ನೋವು. ಕೆಲವು ಗಂಡಸರಲ್ಲಿ ವೃಷಣ ಊದಿಕೊಳ್ಳುತ್ತೆ. ಸಂಕೋಚಕ್ಕೆ ಅದನ್ನು ಮುಚ್ಚಿಡುವವರೇ ಜಾಸ್ತಿ. ಮನೆಯ ಹೆಂಗಸರ ಮುಂದೆ ಹೇಳಲಾರರು, ಒಬ್ಬರೇ ಇದ್ದಾಗ ನೀವೇ ಕೇಳಿ.

ಇದಕ್ಕೆ ರಕ್ತಪರೀಕ್ಷೆ ಇದೆ, ಆದರೆ ಜ್ವರಕ್ಕೆ ಅಂತ ಮಾಡುವ ಮಾಮೂಲಿ ಪರೀಕ್ಷೆಗಳಲ್ಲಿ ಅದು ಇರುವುದಿಲ್ಲ. ಬರೆದುಕೊಟ್ಟರೆ ಮಾತ್ರ ಮಾಡುತ್ತಾರೆ. ಡಾಕ್ಟರಿಗೆ ಅನುಮಾನ ಬರಬೇಕಾದರೆ ಕುರಿ ವಿಷಯ ನೀವು ಹೇಳಿರಬೇಕು. ಬ್ಲಡ್ ಕಲ್ಚರ್‌ಗೆ, ಅಂದರೆ ರಕ್ತದಲ್ಲಿರುವ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆಗೆ ಕಳಿಸುವಾಗ ಲ್ಯಾಬ್‌ನವರಿಗೂ ಈ ಅನುಮಾನ ಗೊತ್ತಿರಬೇಕು. ಈ ರೋಗಾಣು ಗಾಳಿಯ ಮೂಲಕ ಲ್ಯಾಬ್ ಸಿಬ್ಬಂದಿಗೇ ಅಂಟಿಕೊಳ್ಳಬಹುದು.

ಟಿಬಿ ಮತ್ತು ಬ್ರೂಸೆಲ್ಲಾ ಎರಡೂ ಬೆನ್ನುಮೂಳೆಗೆ ಇಳಿಯುತ್ತವೆ. ಎಂಆರ್‌ಐ ನೋಡಿ ಇದೋ ಅದೋ ಅಂತ ಹೇಳುವುದು ಕೆಲವು ಸಲ ಕಷ್ಟ. ಬ್ರೂಸೆಲ್ಲಾಗೆ ಡಾಕ್ಸಿಸೈಕ್ಲಿನ್ ಜೊತೆ ಇನ್ನೊಂದು ಔಷಧ ಸೇರಿಸಿ ಕಡಿಮೆ ಅಂದರೂ ಆರು ವಾರ ಕೊಡಬೇಕು, ಬೆನ್ನುಮೂಳೆಗೆ ಇಳಿದಿದ್ದರೆ ಇನ್ನೂ ಹೆಚ್ಚು. ಆ ಇನ್ನೊಂದು ಔಷಧ ರಿಫಾಂಪಿಸಿನ್ ಆಗಿದ್ದರೆ ಅದು ಟಿಬಿಗೂ ಕೊಡುವ ಔಷಧವೇ. ಸುಮ್ನೆ ಅಂದಾಜಿನ ಮೇಲೆ ಶುರು ಮಾಡಿದರೆ ಒಳಗಿದ್ದ ಟಿಬಿ ಸ್ವಲ್ಪ ದಿನ ತಲೆ ತಗ್ಗಿಸಿ, ಆಮೇಲೆ ಮತ್ತೆ ಎದ್ದೀತು. ಅದಕ್ಕೇ ನಿಮ್ಮ ಡಾಕ್ಟರು ತಡೆದು ನೋಡುತ್ತಿರಬಹುದು.

ಊರಲ್ಲಿ ಹಾಕಿಸಿದ ಇಂಜೆಕ್ಷನ್ ಯಾವುದು? ಚೀಟಿ, ಖಾಲಿ ಸ್ಟ್ರಿಪ್, ಮೆಡಿಕಲ್ ಸ್ಟೋರ್ ಬಿಲ್, ಏನಿದ್ದರೂ ತಂದುಕೊಡಿ. ಆಂಟಿಬಯೋಟಿಕ್ ಒಳಗೆ ಹೋದ ಮೇಲೆ ಕಲ್ಚರ್‌ನಲ್ಲಿ ರೋಗಾಣು ಬೆಳೆಯುವುದು ಕಡಿಮೆ. ಜ್ವರದ ಜೊತೆ ಸ್ಟೆರಾಯ್ಡ್ ಇಂಜೆಕ್ಷನ್ ಹಾಕಿದ್ದರೆ ಇನ್ನೂ ತೊಂದರೆ. ಎರಡು ದಿನ ಆರಾಮ ಅನ್ನಿಸುತ್ತೆ, ಟಿಬಿ ಇದ್ದರೆ ಒಳಗೊಳಗೇ ಹರಡುತ್ತೆ, ಲಿಂಫೋಮಾ ಇದ್ದರೆ ಬಯಾಪ್ಸಿಯಲ್ಲೂ (ದೇಹದಿಂದ ಚೂರು ತೆಗೆದು ಮಾಡುವ ಪರೀಕ್ಷೆ) ಸರಿಯಾಗಿ ಕಾಣದ ಹಾಗಾಗುತ್ತೆ.

ಹೊಲದಲ್ಲಿ, ಪೊದೆ ಹುಲ್ಲಿನಲ್ಲಿ ಓಡಾಡುವವರು ಅಲ್ವಾ, ಮೈಯನ್ನೂ ಒಮ್ಮೆ ಬೆಳಕಲ್ಲಿ ಪೂರ್ತಿ ನೋಡಿಸಿ. ಕಂಕುಳು, ತೊಡೆಸಂದು, ಉಡಿದಾರದ ಅಡಿ. ಬೀಡಿಯಿಂದ ಸುಟ್ಟ ಹಾಗೆ ಒಂದು ಕಪ್ಪು ಹಕ್ಕಳೆ ಇದ್ದರೆ ಅದು ಸ್ಕ್ರಬ್ ಟೈಫಸ್ ಎಂಬ ಜ್ವರದ ಗುರುತು. ನುಸಿಯಂಥ ಸಣ್ಣ ಹುಳದ ಮರಿ ಕಚ್ಚಿದ ಜಾಗ. ನೋಯುವುದಿಲ್ಲ, ಹಾಗಾಗಿ ರೋಗಿಗೇ ಗೊತ್ತಿರುವುದಿಲ್ಲ. ಒಂದು ತಿಂಗಳ ಜ್ವರಕ್ಕೆ ಇದು ಕಾರಣವಾಗುವುದು ಕಡಿಮೆ. ಆದರೂ ನೋಡುವುದಕ್ಕೆ ದುಡ್ಡು ಬೇಕಿಲ್ಲ.

ಇನ್ನು ದೊಡ್ಡ ಸ್ಕ್ಯಾನ್. ಪೆಟ್ ಸಿಟಿ ಬಗ್ಗೆ ಕೇಳುತ್ತಿದ್ದೀರಿ ಅಂದುಕೊಳ್ಳುತ್ತೇನೆ. ಅದು ಎಲ್ಲಿ ಉರಿಯೂತ ಇದೆ ಅಂತ ತೋರಿಸುತ್ತೆ, ಏನು ಕಾಯಿಲೆ ಅಂತ ಹೇಳುವುದಿಲ್ಲ. ಹೇಳುವುದು ಆ ಜಾಗದಿಂದ ತೆಗೆದ ಚೂರು. ಕಲ್ಚರ್, ಬ್ರೂಸೆಲ್ಲಾ, ಹೃದಯದ ಎಕೋ, ಬೆನ್ನಿನ ಎಂಆರ್‌ಐ ಎಲ್ಲ ಮುಗಿದ ಮೇಲೂ ಸುಳಿವು ಸಿಗದಿದ್ದರೆ ಆಗ ಬೆಂಗಳೂರಿಗೆ ಹೊರಡಿ. ಬಿಪಿ ಇಳಿದರೆ, ಉಸಿರು ಕಟ್ಟಿದರೆ, ಮಾತು ತಪ್ಪಿದರೆ ಮಾತ್ರ ಇದ್ಯಾವುದಕ್ಕೂ ಕಾಯಬೇಡಿ. ಕೆಲವರಲ್ಲಿ ಎಷ್ಟು ಹುಡುಕಿದರೂ ಕಾರಣ ಸಿಗುವುದಿಲ್ಲ. ಅಂಥವರಲ್ಲಿ ಸುಮಾರು ಜನರ ಜ್ವರ ತಾನಾಗೇ ಇಳಿಯುತ್ತೆ ಅನ್ನುವುದೂ ನಿಜ.

ಪ್ರಶ್ನೆ: ಅಮ್ಮನಿಗೆ ಸೊಂಟದ ಮೂಳೆ ಮುರಿದು ಆಪರೇಷನ್ ಆಗಿದೆ. ಸೇರಿಸಿದಾಗ ಜ್ವರ ಇರಲಿಲ್ಲ, ಐದನೇ ದಿನ ಬಂತು. ಆಸ್ಪತ್ರೆಯಲ್ಲಿದ್ದೂ ಜ್ವರ ಬರೋದು ಹೇಗೆ? (ಗೌರಿಬಿದನೂರು)

ಉತ್ತರ: ಆಸ್ಪತ್ರೆಯಲ್ಲಿ ಇರುವುದರಿಂದಲೇ ಬರುವ ಜ್ವರವೂ ಇದೆ. ಆಪರೇಷನ್ ಆದ ಒಂದೆರಡು ದಿನದ ಜ್ವರ ಹೆಚ್ಚಾಗಿ ಗಾಯಕ್ಕೆ ದೇಹ ಕೊಡುವ ಪ್ರತಿಕ್ರಿಯೆ. ಐದನೇ ದಿನದ್ದನ್ನು ಹಾಗೆ ಬಿಡುವಂತಿಲ್ಲ. ಹೊಲಿಗೆ ಜಾಗ, ಮೂತ್ರದ ಪೈಪು, ಶ್ವಾಸಕೋಶ, ಕಾಲಿನ ರಕ್ತನಾಳದಲ್ಲಿ ಹೆಪ್ಪು, ಇಷ್ಟನ್ನೂ ನೋಡಬೇಕು. ಡ್ರಿಪ್ ಸೂಜಿ ಹಾಕಿದ ಕೈಯನ್ನು ನೀವೇ ಗಮನಿಸಿ. ಪ್ಲಾಸ್ಟರ್ ಅಂಚಿನಿಂದ ಮೇಲಕ್ಕೆ ಕೆಂಪು ಗೆರೆ ಎದ್ದಿದ್ದರೆ, ಮುಟ್ಟಿದರೆ ನೋಯುತ್ತಿದ್ದರೆ ಸಿಸ್ಟರ್‌ಗೆ ಆಗಲೇ ತೋರಿಸಿ. ಮೂತ್ರದ ಪೈಪು ಇನ್ನೂ ಬೇಕಾ ಅಂತ ರೌಂಡ್ಸ್‌ಗೆ ಬಂದ ಡಾಕ್ಟರನ್ನು ಕೇಳಿ, ಅದರಲ್ಲಿ ಮುಜುಗರ ಏನಿಲ್ಲ. ಎಷ್ಟೋ ಸಲ ತೆಗೆಯಬೇಕಾದ ಪೈಪು ಮರೆತು ಉಳಿದಿರುತ್ತೆ. ಔಷಧದಿಂದಲೇ ಜ್ವರ ಬರುವುದೂ ಉಂಟು. ರೋಗಿ ಗೆಲುವಾಗಿರುತ್ತಾರೆ, ಚಾರ್ಟ್‌ನಲ್ಲಿ ಮಾತ್ರ ಜ್ವರ. ಆ ಔಷಧ ನಿಲ್ಲಿಸಿದರೆ ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ಇಳಿಯುತ್ತೆ.

ಪ್ರಶ್ನೆ: ಜ್ವರ ಬಂದಾಗೆಲ್ಲ ವಿಡಾಲ್ ಪಾಸಿಟಿವ್ ಬರುತ್ತೆ. ನನಗೆ ವರ್ಷಕ್ಕೆ ಮೂರು ಸಲ ಟೈಫಾಯ್ಡ್ ಆಗುತ್ತಾ? (ಮಾಲೂರು)

ಉತ್ತರ: ಇಲ್ಲ. ಹಿಂದೆ ಎಂದೋ ಬಂದು ಹೋದ ಸೋಂಕಿಗೂ, ಹಾಕಿಸಿಕೊಂಡ ಲಸಿಕೆಗೂ ವಿಡಾಲ್ ಪಾಸಿಟಿವ್ ಬರಬಹುದು. ಬೇರೆ ಜ್ವರದಲ್ಲೂ ಬರುತ್ತೆ. 1896ರ ಕಾಲದ ಪರೀಕ್ಷೆ ಅದು. ಜ್ವರ ಶುರುವಾದ ಮೊದಲ ವಾರದಲ್ಲಿ, ಆಂಟಿಬಯೋಟಿಕ್ ಮುಟ್ಟುವ ಮೊದಲು ಬ್ಲಡ್ ಕಲ್ಚರ್ ಮಾಡಿಸಿ. ಟೈಫಾಯ್ಡ್ ಇದ್ದರೆ ಯಾವ ಔಷಧ ಹಿಡಿಯುತ್ತೆ ಅನ್ನುವುದೂ ಅದರಲ್ಲೇ ಗೊತ್ತಾಗುತ್ತೆ.