ಸೈನ್ಸ್ ಬಿಡಬೇಕಾ?

ಪ್ರಶ್ನೆ: ಮೇಡಂ, ನಮ್ಮದು ಪಾವಗಡ ತಾಲ್ಲೂಕು. ಹತ್ತನೇ ಕ್ಲಾಸಿನವರೆಗೆ ಓದಿದ್ದು ಸರ್ಕಾರಿ ಶಾಲೆ, ಕನ್ನಡ ಮೀಡಿಯಂ. ಈಗ ತುಮಕೂರಿನಲ್ಲಿ ಹಾಸ್ಟೆಲ್‌ನಲ್ಲಿದ್ದು ಬಿಎಸ್‌ಸಿ ಮೊದಲ ಸೆಮಿಸ್ಟರ್ ಓದುತ್ತಿದ್ದೇನೆ, ಫಿಸಿಕ್ಸ್ ಮತ್ತು ಮ್ಯಾಥ್ಸ್. ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ನಾನೇ ಮೊದಲು. ರಾತ್ರಿ ಹನ್ನೊಂದರವರೆಗೆ ಓದಿದರೂ ಮೊದಲ ಇಂಟರ್ನಲ್‌ನಲ್ಲಿ ತುಂಬಾ ಕಡಿಮೆ ಬಂತು. ಕ್ಲಾಸಿನಲ್ಲಿ ಡೌಟ್ ಕೇಳಲು ನಾಚಿಕೆ. ನನಗೆ ಸೈನ್ಸ್ ಆಗಿಬರಲ್ಲ ಅನ್ನಿಸುತ್ತಿದೆ. ಬಿಎಗೆ ಹೋಗಲಾ?
– ಹೆಸರು ಬೇಡ, ತುಮಕೂರು

ಉತ್ತರ: ಸದ್ಯಕ್ಕೆ ಬೇಡಮ್ಮ. ಬಿಎ ಕೀಳು ಅಂತಲ್ಲ, ಇಷ್ಟಪಟ್ಟು ಹೋಗುವುದಾದರೆ ಹೋಗು, ಒಂದು ಇಂಟರ್ನಲ್‌ಗೆ ಹೆದರಿ ಹೋಗಬೇಡ. ಪಿಯುಸಿಯಲ್ಲಿ ಇಂಗ್ಲಿಷ್ ಪಾಠಕ್ಕೆ ಹೊಂದಿಕೊಳ್ಳುವಷ್ಟರಲ್ಲೇ ಡಿಗ್ರಿ ಬಂತು, ಇಲ್ಲಿ ಪಾಠ ಓಡುವ ವೇಗವೂ ಜಾಸ್ತಿ.

ಹನ್ನೊಂದರವರೆಗೆ ಓದುತ್ತೀಯ, ಆದರೆ ಯಾರ ಜೊತೆ ಅಂತ ಬರೆದಿಲ್ಲ. ಒಬ್ಬಳೇ ಅಲ್ವಾ?

1970ರ ದಶಕದ ಕೊನೆಯಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಗಣಿತ ಶಿಕ್ಷಣ ತಜ್ಞ ಯೂರಿ ಟ್ರೈಸ್‌ಮನ್ ಇದೇ ವಿಷಯದ ಹಿಂದೆ ಬಿದ್ದರು. ಅಲ್ಲಿನ ಕಪ್ಪು ಜನಾಂಗದ ಮಕ್ಕಳು ಮೊದಲ ವರ್ಷದ ಕ್ಯಾಲ್ಕುಲಸ್‌ನಲ್ಲೇ ಎಡವುತ್ತಿದ್ದರು. ಇವರಿಗೆ ಆಸಕ್ತಿ ಇಲ್ಲ, ಮನೆಯಲ್ಲಿ ಓದಿನ ವಾತಾವರಣ ಇಲ್ಲ ಅಂತ ಮೇಷ್ಟ್ರುಗಳು ಅಂದುಕೊಂಡಿದ್ದರು. ಟ್ರೈಸ್‌ಮನ್ ಆ ಮಕ್ಕಳ ಜೊತೆಗೇ ಇದ್ದು ನೋಡಿದರೆ ಕಂಡಿದ್ದೇ ಬೇರೆ. ಕಷ್ಟಪಟ್ಟೇ ಓದುತ್ತಿದ್ದರು, ಆದರೆ ಒಬ್ಬೊಬ್ಬರೇ. ಅದೇ ಕ್ಲಾಸಿನ ಚೀನೀ ಮೂಲದವರು ತಮ್ಮಷ್ಟಕ್ಕೆ ಲೆಕ್ಕ ಮಾಡಿ, ಆಮೇಲೆ ಒಟ್ಟಿಗೆ ಕೂತು ಒಬ್ಬರದನ್ನೊಬ್ಬರು ತಿದ್ದುತ್ತಿದ್ದರು. ಆಗ ಟ್ರೈಸ್‌ಮನ್ ಗುಂಪಾಗಿ ಓದುವ ವ್ಯವಸ್ಥೆ ಶುರು ಮಾಡಿದರು, ಅದರಲ್ಲಿ ಸುಲಭದ ಪಾಠ ಇಟ್ಟಿರಲಿಲ್ಲ, ಕಷ್ಟದ ಲೆಕ್ಕಗಳನ್ನೇ ಕೊಟ್ಟರು. ಬಂದವರ ಅಂಕ ಏರಿತು.

ನೀನೂ ನಿನ್ನ ಕಾಂಬಿನೇಷನ್‌ನ ಇಬ್ಬರು ಮೂವರನ್ನು ಹಾಸ್ಟೆಲ್‌ನಲ್ಲೇ ಹುಡುಕು. ಒಬ್ಬಳು ಡೆರಿವೇಷನ್ ಅನ್ನು, ಅಂದರೆ ಸೂತ್ರ ಹೇಗೆ ಬಂತು ಅನ್ನುವುದನ್ನು, ಕನ್ನಡದಲ್ಲೇ ಬಿಡಿಸಿ ಹೇಳಲಿ, ಮಿಕ್ಕವರು ಸಾಲು ಸಾಲಿಗೂ ಯಾಕೆ ಅಂತ ಕೇಳಲಿ, ಕೊನೆಗೆ ಎಲ್ಲರೂ ನೋಟ್ಸ್ ಮುಚ್ಚಿ ಇಂಗ್ಲಿಷಿನಲ್ಲಿ ಬರೆಯಿರಿ, ಏಕೆಂದರೆ ಪರೀಕ್ಷೆಯಲ್ಲಿ ಬರೆಯಬೇಕಾದ್ದು ಹಾಗೇ. ಎಲ್ಲರೂ ಒಂದೇ ಕಡೆ ಸಿಕ್ಕಿಕೊಂಡರೆ ಆ ಸಾಲನ್ನೇ ಹಿಡಿದು ಸ್ಟಾಫ್ ರೂಮಿಗೆ ಹೋಗಿ. 'ಏನೂ ಅರ್ಥ ಆಗಿಲ್ಲ ಸರ್' ಅಂದರೆ ಎಲ್ಲಿಂದ ಶುರು ಮಾಡಬೇಕು ಅಂತ ಅವರಿಗೂ ತಿಳಿಯುವುದಿಲ್ಲ. 'ಈ ಸಾಲಿನಿಂದ ಮುಂದಿನ ಸಾಲು ಹೇಗೆ ಬಂತು' ಅಂತ ಕೇಳಿದರೆ ಐದು ನಿಮಿಷದ ಕೆಲಸ. ಇಬ್ಬರು ಹೋದರೆ ನಾಚಿಕೆಯೂ ಕಡಿಮೆ.

ಲ್ಯಾಬಿನಲ್ಲಿ ಒಬ್ಬರು ರೀಡಿಂಗ್ ತೆಗೆದು ಉಳಿದವರು ಸುಮ್ನೆ ಬರೆದುಕೊಳ್ಳುವ ಅಭ್ಯಾಸ ಇರುತ್ತದೆ. ನೀನು ಹಿಂದೆ ನಿಲ್ಲಬೇಡ, ಅಳತೆ ಮಾಡುವ ವರ್ನಿಯರ್ ಕೈಗೆ ತಗೋ. ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ವೆಬ್‌ಸೈಟ್ ಆದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿಯನ್ನೂ ಬೇಗ ಹಾಕು. ಜಾತಿ, ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ನಂಬರ್, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಸರಿಯಿದೆಯಾ ನೋಡಿಕೋ.

ಇದನ್ನು ಓದುವ ಲೆಕ್ಚರರ್‌ಗಳಲ್ಲಿ ಒಂದು ಕೇಳಿಕೆ. ಮಧುಗಿರಿ, ಕೊರಟಗೆರೆ ಕಡೆಯಿಂದ ದಿನಾ ಬಸ್ಸಿನಲ್ಲಿ ಬರುವ ಮಕ್ಕಳಿಗೆ ಸಂಜೆ ಗುಂಪಾಗಿ ಕೂರಲು ಆಗುವುದಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಅವರಿಗೆ ಒಂದು ಖಾಲಿ ಕ್ಲಾಸ್‌ರೂಮು, ಸೀಮೆಸುಣ್ಣ, ಒಂದೆರಡು ಗಟ್ಟಿ ಲೆಕ್ಕ ಕೊಡಿ. ಅದನ್ನು 'ದಡ್ಡರ ಕ್ಲಾಸ್' ಅಂತ ಮಾತ್ರ ಕರೆಯಬೇಡಿ.