ಪಾಯ ತೋಡಿದ ಎರೆಮಣ್ಣನ್ನೇ ಮನೆಯ ಸುತ್ತ ತುಂಬಿ ಇಳಿಜಾರು ಮಾಡಬಹುದೇ?

ಬೇಡ. ವಿಜಯಪುರ, ಕಲಬುರಗಿಯಂಥ ಒಣ ಸೀಮೆಯ ಎರೆಮಣ್ಣು ಬೆಳೆಗೆ ಬಹಳ ಒಳ್ಳೆಯದಾದರೂ ಗೋಡೆಯ ಬುಡದಲ್ಲಿ ತುಂಬಲು ತಕ್ಕದ್ದಲ್ಲ. ಅಲ್ಲಿಗೆ ಬೇರು, ಕಸಕಡ್ಡಿ ಇಲ್ಲದ ಗರಸನ್ನು (ಸಣ್ಣ ಕಲ್ಲುಚೂರು ಬೆರೆತ ಮಣ್ಣು) ತರಿಸಿಕೊಳ್ಳಿ. ಎರೆಮಣ್ಣಿನ ಜೇಡಿ ನೀರು ಹೀರಿ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ತಿಂಗಳುಗಟ್ಟಲೆ ಒಣಗಿ ಬಿರುಕುಬಿಟ್ಟ ಇಂಥ ನೆಲದ ಮೇಲೆ ಒಮ್ಮೆಲೇ ಬಿರುಸಿನ ಮಳೆ ಸುರಿದರೆ, ನೀರು ಇಳಿಜಾರಿನಲ್ಲಿ ಹರಿದುಹೋಗುವ ಬದಲು ಆ ಬಿರುಕುಗಳ ಮೂಲಕ ನೇರವಾಗಿ ಪಾಯಕ್ಕಿಳಿಯುತ್ತದೆ.

ಗರಸನ್ನು ಒಂದೇ ಸಲಕ್ಕೆ ಸುರಿಯದೆ 15ರಿಂದ 20 ಸೆಂಟಿಮೀಟರ್ ದಪ್ಪದ ಪದರಗಳಾಗಿ ಹರಡಿ, ಪ್ರತಿ ಪದರಕ್ಕೂ ನೀರು ಚಿಮುಕಿಸಿ ಗುದ್ದಿಸಬೇಕು. ಒಣಹವೆಯ ಊರುಗಳಲ್ಲಿ ಕೆಲಸ ಕೆಡುವುದು ಹೆಚ್ಚಾಗಿ ಈ ನೀರನ್ನು ಉಳಿಸಲು ಹೋಗಿಯೇ. ತುಸು ತೇವವಿದ್ದಾಗ ಮಾತ್ರ ಮಣ್ಣಿನ ಕಣಗಳು ಒಂದರ ಪಕ್ಕ ಒಂದು ಜಾರಿ ಒತ್ತಾಗಿ ಕೂರುತ್ತವೆ. ಒಣದಾಗಿಯೇ ಗುದ್ದಿದ ಮಣ್ಣು ಮೇಲೆ ಗಟ್ಟಿಯಾಗಿ ಕಂಡರೂ ಒಳಗೆ ಪೊಳ್ಳು ಉಳಿದು, ಮೊದಲ ದೊಡ್ಡ ಮಳೆಗೆ ಕುಸಿದು, ನೀರು ಗೋಡೆಯ ಕಡೆಗೇ ನಿಲ್ಲುತ್ತದೆ. ಹಿಡಿ ಮಣ್ಣನ್ನು ಹಿಸುಕಿದರೆ ಉಂಡೆಯಾಗಬೇಕು, ಆದರೆ ನೀರು ಜಿನುಗಬಾರದು. ಅಷ್ಟು ತೇವ ಸಾಕು.

ಗೋಡೆಯಿಂದ ಹೊರಕ್ಕೆ ಮೊದಲ 3 ಮೀಟರಿನಲ್ಲಿ 15 ಸೆಂಟಿಮೀಟರ್‌ನಷ್ಟು ಇಳಿಜಾರು ಕೊಡಿ. ತೋಡಿ ತೆಗೆದ ಎರೆಮಣ್ಣನ್ನು ಅದರಾಚೆ ಗಿಡಗಳಿಗೆ ಹಾಕಿಕೊಳ್ಳಬಹುದು.